ಭೂತಕಾಲಕ್ಕೆ ಗಡಿಪಾರಾದ ಗ್ಯಾಂಗ್‌ಸ್ಟರ್

ಕಳೆದ ಹದಿನೈದು ವರ್ಷಗಳಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಜನರನ್ನು ಸೆಳೆದ ಗ್ಯಾಂಗ್‌ಸ್ಟರ್ ಕಥೆಗಳು ಯಾವ ಕಾಲದಲ್ಲಿ ನಡೆಯುತ್ತವೆ ಎಂಬುದನ್ನು ಗಮನಿಸಿದರೆ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ‘ಕೆಜಿಎಫ್’ನ ಎರಡು ಭಾಗಗಳ ಕಥೆ 1951ರಲ್ಲಿ ಶುರುವಾಗಿ 1980ರ ದಶಕದ ಹೊಸ್ತಿಲಲ್ಲಿ ಮುಗಿಯುತ್ತದೆ. ‘ಹೆಡ್ ಬುಷ್’ 1970ರ ದಶಕದ ಬೆಂಗಳೂರಿಗೆ ಹೋಗುತ್ತದೆ, ‘ಗಂಗೂಬಾಯಿ ಕಾಠಿಯಾವಾಡಿ’ ಅದಕ್ಕೂ ಹಿಂದಿನ ಮುಂಬೈಗೆ. ಬ್ರಿಟನ್ನಿನ ‘ಪೀಕಿ ಬ್ಲೈಂಡರ್ಸ್’ ಸರಣಿ ತೆರೆದುಕೊಳ್ಳುವುದು 1919ರ ಬರ್ಮಿಂಗ್‌ಹ್ಯಾಮ್‌ನಲ್ಲಿ. 2024ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯಶಸ್ಸು ಕಂಡ ‘ಟ್ವೈಲೈಟ್ ಆಫ್ ದಿ ವಾರಿಯರ್ಸ್: ವಾಲ್ಡ್ ಇನ್’ 1980ರ ದಶಕದ ಕೌಲೂನ್ ವಾಲ್ಡ್ ಸಿಟಿಯನ್ನು ಸೆಟ್ ಹಾಕಿ ಮರುಸೃಷ್ಟಿಸಿತು, ಕಿಷ್ಕಿಂಧೆಯಂತಿದ್ದ ಆ ನಿಜವಾದ ವಸತಿಯನ್ನು ಕೆಡವಿ ಮುಗಿಸಿ ಆಗಲೇ 30 ವರ್ಷ ಕಳೆದಿತ್ತು.

ಸಂಘಟಿತ ಅಪರಾಧವೇನೂ ಜಗತ್ತಿನಿಂದ ತೊಲಗಿಲ್ಲ. ಆದರೂ ಅದನ್ನು ತೋರಿಸಲೆಂದೇ ಹುಟ್ಟಿದ ಚಿತ್ರಪ್ರಕಾರ ತನ್ನ ಕಾಲದ ಅಪರಾಧಿಗೆ ಬೆನ್ನು ಹಾಕಿ, ಹಳೆಯ ಕಾರು, ಬೆಲ್‌ಬಾಟಮ್ ಪ್ಯಾಂಟು, ಡಯಲ್ ತಿರುಗಿಸುವ ಫೋನುಗಳ ಲೋಕದಲ್ಲಿ ನೆಲೆಯೂರಿಬಿಟ್ಟಿದೆ. ಕಳೆದುಹೋದ ಕಾಲದ ಹಂಬಲವೇ ಇದಕ್ಕೆ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನನ್ನ ವಾದ ಬೇರೆ. ಇಂದಿನ ಅಪರಾಧ ನಡೆಯುವ ರೀತಿ ಈ ಪ್ರಕಾರದ ವ್ಯಾಕರಣಕ್ಕೆ ಒಗ್ಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂದಿನ ಅಪರಾಧದ ಮುಂದೆ ಪ್ರೇಕ್ಷಕ ಕುಳಿತಿರುವ ಜಾಗವೇ ಬದಲಾಗಿದೆ.

ಈ ಪ್ರಕಾರ ಹುಟ್ಟಿದಾಗ ಅದು ಸುದ್ದಿಯಾಗಿತ್ತು. ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದದ್ದು 1920ರಿಂದ 1933ರವರೆಗೆ. ‘ಲಿಟಲ್ ಸೀಸರ್’ ಮತ್ತು ‘ದಿ ಪಬ್ಲಿಕ್ ಎನಿಮಿ’ 1931ರಲ್ಲಿ ಬಂದವು, ‘ಸ್ಕಾರ್‌ಫೇಸ್’ 1932ರಲ್ಲಿ. ಅಂದರೆ ತೆರೆಯ ಮೇಲೆ ಕಳ್ಳಮದ್ಯದ ಲಾರಿಗಳು ಓಡುತ್ತಿದ್ದಾಗ ಅಂಥವೇ ಲಾರಿಗಳು ಊರಿನ ರಸ್ತೆಗಳಲ್ಲೂ ಓಡುತ್ತಿದ್ದವು. 1927ರ ‘ಅಂಡರ್‌ವರ್ಲ್ಡ್’ ಚಿತ್ರಕ್ಕೆ ಕಥೆ ಬರೆದ ಬೆನ್ ಹೆಕ್ಟ್ ಅದಕ್ಕೆ ಮೊದಲು ಷಿಕಾಗೋದಲ್ಲಿ ಪತ್ರಿಕಾ ವರದಿಗಾರರಾಗಿದ್ದವರು. ‘ಸ್ಕಾರ್‌ಫೇಸ್’ನ ಬರವಣಿಗೆಯಲ್ಲೂ ಅವರ ಕೈಯಿತ್ತು. ಪತ್ರಿಕೆಯ ಮುಖಪುಟಕ್ಕೂ ಚಿತ್ರಕಥೆಗೂ ಇದ್ದ ಈ ಸಾಮೀಪ್ಯವೇ ನೈತಿಕತೆಯ ಕಾವಲುಗಾರರನ್ನು ಕೆರಳಿಸಿತು. ತೆರೆಯ ಮೇಲೆ ಏನನ್ನು ತೋರಿಸಬಹುದು, ಏನನ್ನು ಬಾರದು ಎಂದು ವಿಧಿಸುವ ಹಾಲಿವುಡ್‌ನ ನಿರ್ಮಾಣ ಸಂಹಿತೆ 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ಮೇಲೆ ಗ್ಯಾಂಗ್‌ಸ್ಟರ್‌ನನ್ನು ನಾಯಕನಾಗಿ ಮೆರೆಸುವುದು ಕಷ್ಟವಾಯಿತು. ‘ದಿ ಪಬ್ಲಿಕ್ ಎನಿಮಿ’ಯಲ್ಲಿ ಪಾತಕಿಯಾಗಿ ಹೆಸರು ಮಾಡಿದ್ದ ಜೇಮ್ಸ್ ಕ್ಯಾಗ್ನಿ 1935ರ ‘ಜಿ ಮೆನ್’ನಲ್ಲಿ ಸರ್ಕಾರದ ಪರವಾಗಿ ಬಂದೂಕು ಹಿಡಿಯಬೇಕಾಯಿತು.

ಸುದ್ದಿಗೆ ಇಷ್ಟು ಹತ್ತಿರವಿದ್ದಾಗಲೂ ಈ ಚಿತ್ರಗಳು ಒಂದು ಸಂಗತಿಯನ್ನು ಪಕ್ಕಕ್ಕೆ ತಳ್ಳಿದ್ದವು. ಷಿಕಾಗೋದ ಕುಖ್ಯಾತ ಪಾತಕಿ ಅಲ್ ಕಪೋನ್‌ನನ್ನು ಕೆಡವಿದ್ದು ತೆರಿಗೆ ಲೆಕ್ಕ. 1931ರ ಅಕ್ಟೋಬರ್‌ನಲ್ಲಿ ತೆರಿಗೆ ವಂಚನೆಗಾಗಿ ಅವನಿಗೆ 11 ವರ್ಷಗಳ ಶಿಕ್ಷೆಯಾಯಿತು. 1947ರಲ್ಲಿ ಫ್ಲಾರಿಡಾದ ತನ್ನ ಮನೆಯಲ್ಲಿ ಕಾಯಿಲೆಯಿಂದ ಸತ್ತ. ಅವನನ್ನೇ ಮಾದರಿಯಾಗಿ ಇಟ್ಟುಕೊಂಡ ‘ಸ್ಕಾರ್‌ಫೇಸ್’ನ ನಾಯಕನಾದರೋ ಪೊಲೀಸರ ಗುಂಡಿಗೆ ಬೀದಿಯಲ್ಲಿ ಬೀಳುತ್ತಾನೆ. ಸೆನ್ಸಾರ್ ಮಂಡಳಿಗಳನ್ನು ಸಮಾಧಾನಪಡಿಸಲು ಚಿತ್ರೀಕರಿಸಿದ ಇನ್ನೊಂದು ಅಂತ್ಯದಲ್ಲಿ ಅವನನ್ನು ನೇಣಿಗೇರಿಸಲಾಗುತ್ತದೆ. ಬೀದಿಯಾಗಲಿ ನೇಣಾಗಲಿ ಎರಡೂ ದೇಹದ ಅಂತ್ಯಗಳೇ. ಲೆಕ್ಕದ ಪುಸ್ತಕ ಬಿಡಿಸಿಕೊಂಡು ನ್ಯಾಯಾಲಯದಲ್ಲಿ ಕುಳಿತ ತೆರಿಗೆ ಅಧಿಕಾರಿಯನ್ನು ಯಾರೂ ತೋರಿಸಬಯಸಲಿಲ್ಲ. ಅಮೆರಿಕದ ವಿಮರ್ಶಕ ರಾಬರ್ಟ್ ವಾರ್ಷೊ 1948ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಗ್ಯಾಂಗ್‌ಸ್ಟರ್‌ನನ್ನು ದುರಂತ ನಾಯಕನೆಂದು ಗುರುತಿಸಿದರು: ಗುಂಪಿನಿಂದ ಬೇರೆಯಾಗಿ ಮೇಲೇರಿದವನು ಒಂಟಿಯಾಗುತ್ತಾನೆ, ಆ ಒಂಟಿತನವೇ ಅವನನ್ನು ಸಾವಿಗೆ ಒಡ್ಡುತ್ತದೆ. ಇಂತಹ ಏರಿಳಿತಕ್ಕೆ ಒಂದು ದೇಹ ಬೇಕು, ಅದು ತೊಡುವ ಸೂಟು ಬೇಕು, ಹತ್ತುವ ಮೆಟ್ಟಿಲು ಬೇಕು, ಬೀಳುವ ಬೀದಿ ಬೇಕು. ಲೆಕ್ಕವನ್ನು ಬಿಟ್ಟು ರಕ್ತವನ್ನು ಆರಿಸಿಕೊಂಡದ್ದರಿಂದ ಆಗ ದೊಡ್ಡ ನಷ್ಟವೇನೂ ಆಗಲಿಲ್ಲ, ಏಕೆಂದರೆ ಅಂದಿನ ಬೀದಿಯಲ್ಲಿ ಎರಡೂ ಒಟ್ಟಿಗೇ ಇದ್ದವು.

ವರ್ತಮಾನದಿಂದ ಹಿಂದಕ್ಕೆ ಇಟ್ಟ ನಿರ್ಣಾಯಕ ಹೆಜ್ಜೆ 1972ರ ‘ದಿ ಗಾಡ್‌ಫಾದರ್’. ಖರ್ಚು ಉಳಿಸಲು ಕಥೆಯನ್ನು 1970ರ ದಶಕಕ್ಕೇ ತರಬೇಕೆಂದು ಪ್ಯಾರಾಮೌಂಟ್ ಸಂಸ್ಥೆ ಮೊದಲು ಯೋಚಿಸಿತ್ತು; ಎರಡನೆಯ ಮಹಾಯುದ್ಧ ಮುಗಿದ ನಂತರದ ದಶಕವನ್ನೇ ಉಳಿಸಿಕೊಳ್ಳಬೇಕೆಂದು ಪಟ್ಟು ಹಿಡಿದವರು ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ಆ ಪಟ್ಟು ಗೆದ್ದದ್ದರಿಂದ ಮಾಫಿಯಾ ಕುಟುಂಬಕ್ಕೆ ಪುರಾಣದ ಘನತೆ ಬಂತು. ಬಿಡಿ ಅಪರಾಧಗಳಾಚೆಗೆ ಇಡೀ ಸಂಘಟನೆಯನ್ನೇ ಗುರಿಯಾಗಿಸುವ ರಿಕೋ ಕಾಯ್ದೆಯನ್ನು ಅಮೆರಿಕ ಅದಾಗಲೇ, 1970ರಲ್ಲಿ, ಜಾರಿಗೆ ತಂದಿತ್ತು ಎಂಬುದು ಇಲ್ಲಿ ಗಮನಾರ್ಹ; ತೆರೆಯ ಮೇಲೆ ಬೆಳೆಯುತ್ತ ಹೋದ ಕುಟುಂಬಗಳು ಮುಂದೆ ನ್ಯಾಯಾಲಯಗಳಲ್ಲಿ ಕರಗುತ್ತ ಹೋದದ್ದು ಇದೇ ಕಾಯ್ದೆಯಿಂದ. ಹಿಂದಕ್ಕೆ ಸರಿಯುವ ಈ ಪ್ರವೃತ್ತಿಗೆ 1983ರ ಎರಡನೆಯ ‘ಸ್ಕಾರ್‌ಫೇಸ್’ ಒಂದು ಗಟ್ಟಿ ಅಪವಾದ. 1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಹೊರಟ ವಲಸಿಗರನ್ನೂ ಮಯಾಮಿಯ ಕೊಕೇನ್ ವ್ಯಾಪಾರವನ್ನೂ ಅದು ಬಿಸಿ ಆರುವ ಮೊದಲೇ ಹಿಡಿಯಿತು. ಅದರಲ್ಲಿ ನೋಟು ತುಂಬಿದ ಚೀಲಗಳನ್ನು ಬ್ಯಾಂಕಿಗೆ ಹೊತ್ತು ತರುವ ದೃಶ್ಯವಿದೆ, ಹಣ ಬಿಳಿ ಮಾಡಲು ಹೋಗಿ ನಾಯಕ ಸಿಕ್ಕಿಬೀಳುತ್ತಾನೆ, ಅವನ ಪತನ ಶುರುವಾಗುವುದೇ ಅಲ್ಲಿಂದ. ಲೆಕ್ಕ ತೆರೆಯ ಮೇಲೆ ಬಂದ ಅಪರೂಪದ ಗಳಿಗೆ ಅದು. ಆದರೂ ಜನರ ನೆನಪಿನಲ್ಲಿ ಉಳಿದದ್ದು ಕೊನೆಯ ಗುಂಡಿನ ಮಳೆ ಮಾತ್ರ.

ಭಾರತದಲ್ಲೂ ಇದೇ ದಾರಿ, ತುಸು ತಡವಾಗಿ. 1995ರ ‘ಓಂ’ ಚಿತ್ರದಲ್ಲಿ ಬೆಂಗಳೂರಿನ ಭೂಗತ ಲೋಕದವರೇ ಕೆಲವರು ತೆರೆಯ ಮೇಲೆ ಕಾಣಿಸಿಕೊಂಡಿದ್ದರು. 1998ರಲ್ಲಿ ‘ಸತ್ಯ’ ಬಂದಾಗ ಮುಂಬೈಯ ಗ್ಯಾಂಗ್‌ಗಳ ಕಾದಾಟ, ಹಫ್ತಾ ವಸೂಲಿ, ಪೊಲೀಸ್ ಎನ್‌ಕೌಂಟರ್‌ಗಳು ದಿನನಿತ್ಯದ ಸುದ್ದಿಯಾಗಿದ್ದವು. ಹಿಂದಿನ ವರ್ಷದ ಆಗಸ್ಟ್‌ನಲ್ಲಷ್ಟೇ ಸಂಗೀತೋದ್ಯಮಿ ಗುಲ್ಶನ್ ಕುಮಾರ್ ಅವರ ಹತ್ಯೆಯಾಗಿತ್ತು. ಹಿಂದಿ ಚಿತ್ರರಂಗದ ಬಂಡವಾಳದಲ್ಲಿ ಒಂದು ಪಾಲು ಭೂಗತ ಲೋಕದಿಂದಲೇ ಬರುತ್ತಿದ್ದ ದಿನಗಳವು. ಅದೇ 1998ರಲ್ಲಿ ಕೇಂದ್ರ ಸರ್ಕಾರ ಚಲನಚಿತ್ರಕ್ಕೆ ಉದ್ಯಮದ ಸ್ಥಾನ ಘೋಷಿಸಿತು. ಬ್ಯಾಂಕುಗಳ ಸಾಲಕ್ಕೂ ಕಂಪನಿಗಳ ಹೂಡಿಕೆಗೂ ಕ್ರಮೇಣ ದಾರಿಯಾದಂತೆ ಆ ಭಯದ ನಂಟು ಸಡಿಲವಾಯಿತು. ಇದು ಒಳ್ಳೆಯ ಬೆಳವಣಿಗೆಯೇ. ಆದರೆ ಅದರ ಜೊತೆಗೆ ಚಿತ್ರಕಾರರಿಗೆ ತಮ್ಮ ಕಾಲದ ಅಪರಾಧಿಯ ಮುಖಪರಿಚಯವೂ ತಪ್ಪಿಹೋಯಿತು ಎಂಬುದು ಅಷ್ಟಾಗಿ ಯಾರೂ ಆಡದ ಮಾತು. ಕಾನೂನಿನ ತೊಡಕುಗಳೂ ಸೇರಿಕೊಂಡವು. 1993ರ ಮುಂಬೈ ಸ್ಫೋಟಗಳನ್ನು ಕುರಿತ ‘ಬ್ಲ್ಯಾಕ್ ಫ್ರೈಡೇ’ 2004ರಲ್ಲೇ ಸಿದ್ಧವಾಗಿದ್ದರೂ, ವಿಚಾರಣೆ ಮುಗಿಯದೆ ತೋರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ ತಡೆದದ್ದರಿಂದ 2007ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ಅರ್ಧ ಶತಮಾನದಷ್ಟು ಹಳೆಯ ಕಥೆಯಾದ ‘ಗಂಗೂಬಾಯಿ’ ಕೂಡ ಸುಪ್ರೀಂ ಕೋರ್ಟಿನ ಮೆಟ್ಟಿಲು ಕಂಡುಬಂದಿದೆ ಎಂದ ಮೇಲೆ ಬದುಕಿರುವ ಪಾತಕಿಯ ಕಥೆಯನ್ನು ಯಾವ ನಿರ್ಮಾಪಕ ಮುಟ್ಟಿಯಾನು?

ಇವೆಲ್ಲ ಹೊರಗಿನ ಕಾರಣಗಳು. ಗತಕಾಲ ಕೊಡುವ ದೊಡ್ಡ ಸವಲತ್ತು ಬೇರೆಯೇ ಇದೆ: ಹಳೆಯ ಅಪರಾಧಿ ಮುರಿದ ಕಾನೂನು ಎಷ್ಟೋ ಸಲ ಈಗ ಅಸ್ತಿತ್ವದಲ್ಲೇ ಇರುವುದಿಲ್ಲ. ಪಾನನಿಷೇಧ ರದ್ದಾದ ದೇಶದಲ್ಲಿ ಕುಳಿತು ನೋಡುವವನಿಗೆ ಕಳ್ಳಮದ್ಯ ಮಾರಿದವನು ತುಸು ಅವಸರದ ವ್ಯಾಪಾರಿಯಾಗಿ ಕಾಣುತ್ತಾನೆ. ಭಾರತದಲ್ಲಿ 1968ರ ಚಿನ್ನ ನಿಯಂತ್ರಣ ಕಾಯ್ದೆಯಡಿ ಜನಸಾಮಾನ್ಯರು ಚಿನ್ನದ ಗಟ್ಟಿಗಳನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು; 1990ರಲ್ಲಿ ಕಾಯ್ದೆ ರದ್ದಾಯಿತು. ಇಂದು ಅಂಗಡಿಗೆ ಹೋಗಿ ರಸೀದಿ ಪಡೆದು ಚಿನ್ನದ ನಾಣ್ಯ ತರುವ ಪ್ರೇಕ್ಷಕನಿಗೆ, ದೋಣಿಯಲ್ಲಿ ಚಿನ್ನದ ಬಿಸ್ಕತ್ತು ತಂದವನ ಮೇಲೆ ಸಿಟ್ಟು ಬರುವುದಾದರೂ ಹೇಗೆ? 2010ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಮುಂಬಯಿ’ಯ ಹಿರಿಯ ಕಳ್ಳಸಾಗಣೆದಾರ ಸರ್ಕಾರ ಒಪ್ಪದ್ದನ್ನು ಸಾಗಿಸುತ್ತಾನೆಯೇ ಹೊರತು ಆತ್ಮಸಾಕ್ಷಿ ಒಪ್ಪದ್ದನ್ನಲ್ಲ, ಕೆಡುಕನ್ನೆಲ್ಲ ಅವನ ನಂತರ ಬಂದ ಕಿರಿಯನ ಹೆಗಲಿಗೆ ಹೊರಿಸಲಾಗುತ್ತದೆ. ಚರಿತ್ರೆಯನ್ನು ಹೀಗೆ ಎರಡಾಗಿ ಹೋಳು ಮಾಡುವುದು ಅನುಕೂಲಕರ. ಚಿನ್ನದಲ್ಲಿ ಲಾಭ ಕುಗ್ಗಿದ ಮೇಲೆ ಅದೇ ಜಾಲಗಳು ಸುಲಿಗೆ, ಸುಪಾರಿ ಕೊಲೆ, ಜಮೀನು ವ್ಯವಹಾರ, ಮಾದಕವಸ್ತುಗಳತ್ತ ಹೊರಳಿದವು ಎಂಬುದನ್ನು ನೋಡಿದರೆ, ಹಿರಿಯ ಮತ್ತು ಕಿರಿಯ ಒಂದೇ ವ್ಯಾಪಾರದ ಎರಡು ಹಂತಗಳಷ್ಟೇ.

ಈ ಮಾತು ಇನ್ನೂ ಸ್ಪಷ್ಟವಾಗಬೇಕಾದರೆ ಇಬ್ಬರು ತಾಯಂದಿರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು. 1975ರ ‘ದೀವಾರ್’ ಬಂದಾಗ ಚಿನ್ನದ ಕಾಯ್ದೆ ಜಾರಿಯಲ್ಲಿತ್ತು, ಕಳ್ಳಸಾಗಣೆಯ ದೊಡ್ಡ ಹೆಸರುಗಳು ಪತ್ರಿಕೆಗಳಲ್ಲಿದ್ದವು. ಅದರಲ್ಲಿ ಮಗನ ಸಂಪತ್ತು ಎಲ್ಲಿಂದ ಬಂತೆಂದು ತಿಳಿದ ತಾಯಿ ಅವನ ಬಂಗಲೆ ಬಿಟ್ಟು, ಪೊಲೀಸನಾದ ಇನ್ನೊಬ್ಬ ಮಗನ ಜೊತೆ ಹೊರಟುಹೋಗುತ್ತಾಳೆ. ಮಗನ ಮೇಲಿನ ಪ್ರೀತಿ ಉಳಿದರೂ ತೀರ್ಪು ಬದಲಾಗುವುದಿಲ್ಲ. ‘ಕೆಜಿಎಫ್’ನಲ್ಲಿ ಸಾಯುವ ಮುನ್ನ ತಾಯಿ ಮಗನಿಂದ ಪಡೆಯುವ ಮಾತೇ ಅವನ ಅಧಿಕಾರದಾಹಕ್ಕೆ ಪರವಾನಗಿಯಾಗುತ್ತದೆ, ಹಣವಂತನಾಗಿ, ಬಲಶಾಲಿಯಾಗಿ ಸಾಯಬೇಕೆಂಬುದು ಆಕೆಯ ಬಯಕೆ. ಬಡತನದಲ್ಲಿ ನೊಂದ ಹೆಣ್ಣಿನ ಬಾಯಲ್ಲಿ ಆ ಮಾತು ಸುಳ್ಳೆನಿಸುವುದಿಲ್ಲ, ಚಿತ್ರದ ಬಿಗಿ ಇರುವುದೂ ಅಲ್ಲೇ. ಆದರೆ ತನ್ನ ಕಾಲದ ಅಪರಾಧವನ್ನು ತೋರಿಸುತ್ತಿದ್ದ ಚಿತ್ರಕ್ಕೆ ಮನೆಯೊಳಗೆ ಒಬ್ಬ ನ್ಯಾಯಾಧೀಶೆ ಬೇಕಾಗಿದ್ದಳು, ನಾಲ್ಕು ದಶಕ ಹಿಂದಿನದನ್ನು ತೋರಿಸುವ ಚಿತ್ರಕ್ಕೆ ಆಕೆಯ ಅಗತ್ಯ ಬೀಳಲಿಲ್ಲ. ಅಲ್ಲಿ ರಾಕಿಯ ಕಥೆಯನ್ನು ನಮಗೆ ಹೇಳುವವನೂ ಒಬ್ಬ ವೃದ್ಧ ಪತ್ರಕರ್ತ, ಅದೂ ಸರ್ಕಾರ ನಿಷೇಧಿಸಿದ ತನ್ನ ಪುಸ್ತಕದ ಬಲದಿಂದ. ಸುದ್ದಿಗಾರ ಇಲ್ಲಿ ಕಥೆಗಾರನಾಗಿದ್ದಾನೆ, ಸುದ್ದಿ ಐತಿಹ್ಯವಾಗಿದೆ.

ಇನ್ನು ಅಪರಾಧದ ಸ್ವರೂಪಕ್ಕೆ ಬರೋಣ. ಏರಿಯಾ ಮತ್ತು ಮುಖ, ಈ ಎರಡರ ಮೇಲೆ ಗ್ಯಾಂಗ್‌ಸ್ಟರ್ ಚಿತ್ರದ ಇಡೀ ಕಟ್ಟಡ ನಿಂತಿತ್ತು. ಯಾವ ಬೀದಿ ಯಾರದು ಎಂಬುದರಿಂದ ಜಗಳ ಹುಟ್ಟುತ್ತಿತ್ತು. ಯಾರು ಯಾರ ಕಣ್ಣಿಗೆ ಕಣ್ಣಿಟ್ಟು ಮಾತು ಕೊಟ್ಟರು, ಆ ಮಾತನ್ನು ಯಾರು ಮುರಿದರು ಎಂಬುದರಿಂದ ಕಥೆ ಬೆಳೆಯುತ್ತಿತ್ತು. 2021ರ ಜೂನ್‌ನಲ್ಲಿ ಬಹಿರಂಗವಾದ ‘ಅನೋಮ್’ ಕಾರ್ಯಾಚರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಪರಾಧಿಗಳಿಗೆಂದೇ ಮಾರಾಟವಾಗುತ್ತಿದ್ದ ಗೂಢಲಿಪಿಯ ಫೋನುಗಳನ್ನು ತೆರೆಮರೆಯಲ್ಲಿ ನಡೆಸುತ್ತಿದ್ದದ್ದು ಅಮೆರಿಕದ ಎಫ್‌ಬಿಐ. 100ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿದ್ದ ಸುಮಾರು 12,000 ಫೋನುಗಳಿಂದ 2.7 ಕೋಟಿ ಸಂದೇಶಗಳು ಪೊಲೀಸರ ಕೈಸೇರಿದ್ದವು, 800ಕ್ಕೂ ಹೆಚ್ಚು ಮಂದಿ ಸೆರೆಯಾದರು. ಕೇಳಲು ಇದಕ್ಕಿಂತ ದೊಡ್ಡ ದ್ರೋಹದ ಕಥೆ ಸಿಗಲಾರದು: ಭೂಗತ ಲೋಕ ತನ್ನ ಗುಟ್ಟುಗಳನ್ನು ತಾನೇ ಟೈಪ್ ಮಾಡಿ ಪೊಲೀಸರಿಗೆ ಕಳುಹಿಸುತ್ತಿತ್ತು. ನೋಡಲು ಮಾತ್ರ ಅಲ್ಲಿ ಏನೂ ಇಲ್ಲ. ಬೇರೆ ಬೇರೆ ಊರುಗಳಲ್ಲಿ ಫೋನಿನ ಮೇಲೆ ಬಾಗಿದ ತಲೆಗಳು, ಅಷ್ಟೇ. ಮೊಬೈಲ್ ಫೋನನ್ನು ಕಥೆಯ ನರವ್ಯೂಹವನ್ನಾಗಿ ಬಳಸಿಕೊಂಡ ಹಾಂಗ್‌ಕಾಂಗ್‌ನ ‘ಇನ್‌ಫರ್ನಲ್ ಅಫೇರ್ಸ್’ (2002) ಕೂಡ ನಿರ್ಣಾಯಕ ಕ್ಷಣದಲ್ಲಿ ಇಬ್ಬರು ಬೇಹುಗಾರರನ್ನು ಕಟ್ಟಡವೊಂದರ ತಾರಸಿಯ ಮೇಲೆ ಎದುರುಬದುರು ನಿಲ್ಲಿಸಬೇಕಾಯಿತು. ಮುಖಾಮುಖಿಯಿಲ್ಲದ ದ್ರೋಹವನ್ನು ಚಿತ್ರಿಸುವ ಬಗೆ ಈ ಪ್ರಕಾರಕ್ಕೆ ಇನ್ನೂ ಸಿದ್ಧಿಸಿಲ್ಲ.

ಈ ಬದಲಾವಣೆಯನ್ನು ಅತ್ಯಂತ ನೇರವಾಗಿ ಎದುರಿಸಿದ್ದು ಜಪಾನಿನ ಸಿನಿಮಾ ಎಂದು ನನಗನ್ನಿಸುತ್ತದೆ. 1973ರಲ್ಲಿ ಕಿಂಜಿ ಫುಕಾಸಾಕು ‘ಬ್ಯಾಟಲ್ಸ್ ವಿದೌಟ್ ಆನರ್ ಅಂಡ್ ಹ್ಯುಮ್ಯಾನಿಟಿ’ಯಲ್ಲಿ 1946ರ ಹಿರೋಷಿಮಾ ಪ್ರಾಂತ್ಯದ ಕಾಳಸಂತೆಯಿಂದ ಕಥೆ ಆರಂಭಿಸಿ, ಯಾಕುಜಾಗಳ, ಅಂದರೆ ಜಪಾನಿನ ಸಂಘಟಿತ ಅಪರಾಧ ಗುಂಪುಗಳವರ, ಗೌರವ, ನಿಷ್ಠೆಗಳೆಂಬ ಮಾತುಗಳನ್ನೆಲ್ಲ ಬೀದಿಗೆಳೆದಿದ್ದರು. ಅಲ್ಲಿನ ಪೊಲೀಸ್ ಲೆಕ್ಕದಂತೆ 1963ರಲ್ಲಿ ಯಾಕುಜಾ ಗುಂಪುಗಳಲ್ಲಿ ಸುಮಾರು 1,84,000 ಮಂದಿ ಇದ್ದರು. ಈಗ ಆ ಸಂಖ್ಯೆ 20,000ಕ್ಕಿಂತ ಕೆಳಗಿಳಿದಿದೆ. ಇದು ಗುಂಡಿನ ಕಾಳಗದ ಫಲವಲ್ಲ. 1992ರಲ್ಲಿ ಜಾರಿಗೆ ಬಂದ ಕಾಯ್ದೆ, 2011ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳಿಗೂ ಹರಡಿದ ಬಹಿಷ್ಕಾರ ನಿಯಮಗಳು ಇವರನ್ನು ಕಾಗದಪತ್ರದ ಮೂಲಕ ಮುಗಿಸಿದವು: ಬ್ಯಾಂಕ್ ಖಾತೆಯಿಲ್ಲ, ತಮ್ಮ ಹೆಸರಿನಲ್ಲಿ ಮೊಬೈಲ್ ಸಂಪರ್ಕವಿಲ್ಲ, ಬಾಡಿಗೆ ಮನೆಯಿಲ್ಲ, ಗುಂಪು ತೊರೆದ ಮೇಲೂ ಐದು ವರ್ಷ ಇದೇ ಪಾಡು. 2021ರ ‘ಯಾಕುಜಾ ಅಂಡ್ ದಿ ಫ್ಯಾಮಿಲಿ’ 1999, 2005 ಮತ್ತು 2019 ಎಂಬ ಮೂರು ಕಾಲಗಳಲ್ಲಿ ನಡೆಯುತ್ತದೆ. 14 ವರ್ಷ ಜೈಲಿನಲ್ಲಿದ್ದು ಹೊರಬಂದ ನಾಯಕನಿಗೆ ಶತ್ರುವಿನ ಕತ್ತಿಗಿಂತ ಅರ್ಜಿಯ ನಮೂನೆ ಹೆಚ್ಚು ಅಪಾಯಕಾರಿ ಎಂಬುದು ತಿಳಿಯುತ್ತದೆ. ರಕ್ತದಿಂದ ಲೆಕ್ಕಕ್ಕೆ ಅಪರಾಧ ಸ್ಥಳಾಂತರವಾದದ್ದನ್ನು ಇಷ್ಟು ಖಚಿತವಾಗಿ ಕಂಡ ಗ್ಯಾಂಗ್‌ಸ್ಟರ್ ಚಿತ್ರಗಳು ವಿರಳ.

ಜಪಾನಿನಲ್ಲಿ ಅಪರಾಧವೇನೂ ನಿಂತಿಲ್ಲ. ಯಾಕುಜಾ ಖಾಲಿ ಮಾಡಿದ ಜಾಗಕ್ಕೆ ಬಂದ ಹೊಸ ಗುಂಪುಗಳಿಗೆ ಹೆಸರಿಲ್ಲ, ಕಚೇರಿಯಿಲ್ಲ, ಹಚ್ಚೆಯಿಲ್ಲ, ಒಂದು ಕೃತ್ಯದಲ್ಲಿ ಪಾಲ್ಗೊಂಡವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಕೈತುಂಬ ಹಣದ ಕೆಲಸವೆಂದು ಜಾಹೀರಾತು ಕೊಟ್ಟು ಯುವಕರನ್ನು ಸೇರಿಸಿಕೊಂಡು, ಆ್ಯಪ್ ಮೂಲಕ ಆದೇಶ ಕೊಡಲಾಗುತ್ತದೆ. ಫಿಲಿಪ್ಪೀನ್ಸ್‌ನ ವಲಸೆ ಬಂಧನ ಕೇಂದ್ರದಲ್ಲಿ ಕುಳಿತವರೇ ಫೋನಿನಲ್ಲಿ ಜಪಾನಿನ ಮನೆಗಳ ದರೋಡೆಗಳನ್ನು ನಡೆಸಿದರೆಂಬ ಪ್ರಕರಣ 2023ರಲ್ಲಿ ಇಡೀ ದೇಶವನ್ನು ಬೆಚ್ಚಿಬೀಳಿಸಿತ್ತು. ಇಂತಹ ಗುಂಪಿನ ಡಾನ್ ಯಾರು? ಅವನ ಕುರ್ಚಿ ಎಲ್ಲಿದೆ? ಅವನನ್ನು ಕೆಳಗಿಳಿಸಲು ಬಯಸುವ ಎರಡನೆಯ ಸ್ಥಾನದವನಿಗೆ ಅವನ ಮುಖವೇ ಗೊತ್ತಿಲ್ಲದಿರುವಾಗ ಬೆನ್ನಿಗೆ ಚೂರಿ ಹಾಕುವ ಆ ಹಳೆಯ ದೃಶ್ಯವನ್ನು ಹೇಗೆ ಬರೆಯುವುದು?

ಪ್ರೇಕ್ಷಕನ ಜಾಗ ಬದಲಾಗಿದೆ ಎಂಬ ಮಾತನ್ನು ಈಗ ವಿವರಿಸಬೇಕು. ಗ್ಯಾಂಗ್‌ಸ್ಟರ್‌ನನ್ನು ಮೆಚ್ಚಿ ನೋಡುವ ಸುಖದ ಹಿಂದೆ ಒಂದು ಸುರಕ್ಷತೆ ಅಡಗಿತ್ತು: ಅವನ ಗುಂಡು ತನ್ನತ್ತ ಬರುವುದಿಲ್ಲ ಎಂಬ ಭರವಸೆ. ಸಾಯುವವರು ಎದುರಾಳಿ ಗುಂಪಿನವರು, ಮೋಸ ಮಾಡಿದವರು, ಹೆಚ್ಚೆಂದರೆ ಭ್ರಷ್ಟ ಅಧಿಕಾರಿಗಳು. ಹಫ್ತಾ ಕೊಟ್ಟು ಬೇಸತ್ತ ಸಣ್ಣ ವ್ಯಾಪಾರಿ ಒಂದೆರಡು ದೃಶ್ಯಗಳಲ್ಲಿ ನಡುಗಿ ಮರೆಯಾಗುತ್ತಿದ್ದ. ಹೀಗಾಗಿ ಸಿರಿವಂತರ ಮೇಲೆ, ವ್ಯವಸ್ಥೆಯ ಮೇಲೆ ತನಗಿದ್ದ ಸಿಟ್ಟನ್ನು ಪ್ರೇಕ್ಷಕ ಕೈಗೆ ಕೆಸರು ಮೆತ್ತದಂತೆ ಆ ನಾಯಕನ ಮೂಲಕ ತೀರಿಸಿಕೊಳ್ಳಬಹುದಿತ್ತು. ಇಂದಿನ ಸಂಘಟಿತ ಅಪರಾಧದ ವೇಗವಾಗಿ ಬೆಳೆಯುತ್ತಿರುವ ಶಾಖೆಯಲ್ಲಿ, ಅಂದರೆ ಆನ್‌ಲೈನ್ ವಂಚನೆಯಲ್ಲಿ, ಬಲಿಪಶು ಆ ಪ್ರೇಕ್ಷಕನೇ. ನಕಲಿ ಹೂಡಿಕೆ ಆ್ಯಪ್, ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’, ಪ್ರೀತಿಯ ನಾಟಕ, ಇವುಗಳಲ್ಲಿ ಯಾವುದಾದರೂ ಒಂದು ಚಿತ್ರಮಂದಿರದಲ್ಲಿ ಕುಳಿತವರ ಜೇಬಿನ ಫೋನಿಗೆ ಅದೇ ವಾರ ಬಂದಿರಬಹುದು. ತನ್ನ ತಂದೆಯ ನಿವೃತ್ತಿ ಹಣ ಕಸಿದವನ ಸ್ಲೋಮೋಷನ್ ನಡಿಗೆಗೆ ಯಾರು ಶಿಳ್ಳೆ ಹೊಡೆಯುತ್ತಾರೆ?

ಈ ವಂಚನೆಯ ಇನ್ನೊಂದು ತುದಿಯೂ ಅಷ್ಟೇ ಕರಾಳ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಇಂತಹ ಕೇಂದ್ರಗಳಲ್ಲಿ ಬಲವಂತವಾಗಿ ದುಡಿಸಲಾಗುತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಅಂದಾಜು ಮಾಡಿತ್ತು. ಒಳ್ಳೆಯ ಸಂಬಳದ ಕೆಲಸವೆಂದು ನಂಬಿ ಹೋದವರ ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿಯೊಳಗೆ ಕೂಡಿಹಾಕಿ, ಗುರಿ ಮುಟ್ಟದಿದ್ದರೆ ಹೊಡೆದು ಕೆಲಸ ಮಾಡಿಸುವ ಜಾಗಗಳಿವು. ಹೀಗಾಗಿ ಕರೆ ಮಾಡಿ ಮೋಸ ಮಾಡುವವನೂ ಎಷ್ಟೋ ಸಲ ಸೆರೆಯಾಳೇ. ಈ ಲೋಕವನ್ನು ತೋರಿಸಿ 2023ರಲ್ಲಿ ಚೀನಾದಲ್ಲಿ ಭಾರಿ ಯಶಸ್ಸು ಕಂಡ ‘ನೋ ಮೋರ್ ಬೆಟ್ಸ್’ ಚಿತ್ರದ ಕೇಂದ್ರದಲ್ಲಿ ಇರುವವರು ಕೆಲಸದ ಆಸೆಗೆ ಸಿಕ್ಕಿಬಿದ್ದ ಒಬ್ಬ ಪ್ರೋಗ್ರಾಮರ್ ಮತ್ತು ಒಬ್ಬ ರೂಪದರ್ಶಿ. ಗುಂಪಿನ ಯಜಮಾನ ಅಲ್ಲಿ ಗುರಿ ನಿಗದಿ ಮಾಡುವ, ಬಹುಮಾನ ಹಂಚುವ, ಶಿಕ್ಷಿಸುವ ಮ್ಯಾನೇಜರ್. ಗ್ಯಾಂಗ್‌ಸ್ಟರ್ ಚಿತ್ರ ಇಲ್ಲಿ ಸೆರೆವಾಸದ ಕಥೆಯಾಗಿ ಮಾರ್ಪಟ್ಟಿದೆ. ಏರುವ ಮೆಟ್ಟಿಲಿದ್ದ ಕಡೆ ಈಗ ದಾಟಲಾರದ ಗೋಡೆಯಿದೆ. ಕಲಾತ್ಮಕವಾಗಿ ಅದು ಅಸಾಧಾರಣ ಚಿತ್ರವೇನಲ್ಲ, ಎಚ್ಚರಿಕೆಯ ಫಲಕದ ದನಿ ಅದರಲ್ಲಿ ಜಾಸ್ತಿಯೇ ಇದೆ. ಆದರೆ ಸಹಾನುಭೂತಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನು ಅದು ತಪ್ಪಿಸಿಕೊಳ್ಳಲಿಲ್ಲ.

ಭಾರತದಲ್ಲಿ ಇದಕ್ಕೆ ಹತ್ತಿರದ ಪ್ರಯತ್ನ 2020ರಲ್ಲಿ ಬಂದ ‘ಜಾಮ್‌ತಾರಾ’ ಸರಣಿ. ಜಾರ್ಖಂಡ್‌ನ ಸಣ್ಣ ಊರಿನ ಹುಡುಗರು ಸಿಮ್ ಕಾರ್ಡುಗಳನ್ನು ಗುಡ್ಡೆ ಹಾಕಿಕೊಂಡು, ಬ್ಯಾಂಕ್ ಸಿಬ್ಬಂದಿಯ ದನಿಯಲ್ಲಿ ಮಾತಾಡಿ, ಅಪರಿಚಿತರ ಖಾತೆ ಖಾಲಿ ಮಾಡುವ ಮೊದಲ ದೃಶ್ಯಗಳಲ್ಲಿ ನಿಜವಾದ ಹೊಸತನವಿತ್ತು. ಆದರೆ ಕಥೆಗೆ ಬೆದರಿಕೆ, ರಕ್ತಪಾತ ಬೇಕಾದಾಗ ಪಾಲು ಕೇಳಿಕೊಂಡು ಬರುವ ಒಬ್ಬ ಸ್ಥಳೀಯ ರಾಜಕಾರಣಿಯನ್ನು ಕರೆತರಲಾಯಿತು. ಅಲ್ಲಿಂದ ಮುಂದೆ ಫೋನುಗಳು ಹಿಂದೆ ಸರಿದು ಹಳೆಯ ಬಾಹುಬಲಿಯೇ ತೆರೆಯನ್ನು ಆಕ್ರಮಿಸಿದ. ಬರಹಗಾರರನ್ನು ದೂರುವಂತಿಲ್ಲ. ಹಣ ಕಳೆದುಕೊಂಡವನು ಸಾವಿರ ಕಿಲೋಮೀಟರ್ ಆಚೆಗಿರುವಾಗ, ಕದ್ದವನು ತನ್ನ ಮನೆಯ ಜಗಲಿಯಲ್ಲೇ ಕುಳಿತಿರುವಾಗ, ಇಬ್ಬರೂ ಎದುರಾಗುವ ದೃಶ್ಯವನ್ನು ಸೃಷ್ಟಿಸಲು ಅಪರಾಧವೇ ಅವಕಾಶ ಕೊಡುವುದಿಲ್ಲ. ಮೇಲಿನವರ ವಿಷಯವಂತೂ ಇನ್ನೂ ಕಠಿಣ. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಪ್ರಾಸಿಕ್ಯೂಟರ್‌ಗಳು ಕಾಂಬೋಡಿಯಾದ ದೊಡ್ಡ ಉದ್ಯಮ ಸಮೂಹವೊಂದರ ಅಧ್ಯಕ್ಷನ ಮೇಲೆ ಇಂತಹ ಕೇಂದ್ರಗಳನ್ನು ನಡೆಸಿದ ಆರೋಪ ಹೊರಿಸಿ, ಸುಮಾರು 1,500 ಕೋಟಿ ಡಾಲರ್ ಬೆಲೆಯ 1,27,271 ಬಿಟ್‌ಕಾಯಿನ್‌ಗಳ ಮುಟ್ಟುಗೋಲಿಗೆ ದಾವೆ ಹೂಡಿದರು. ಆರೋಪ ಸಾಬೀತಾಗುವುದೋ ಇಲ್ಲವೋ, ತೆರೆಯ ಮೇಲೆ ತರಬೇಕಾದ ಅಷ್ಟು ದೊಡ್ಡ ಸಂಪತ್ತು ಕೆಲವು ಗುಪ್ತ ಅಂಕಿ-ಅಕ್ಷರಗಳ ಸಾಲಾಗಿ ಮಾತ್ರ ಅಸ್ತಿತ್ವದಲ್ಲಿದೆ.

ವರ್ತಮಾನವನ್ನು ಚಿತ್ರಿಸಲು ಸಾಧ್ಯವೇ ಇಲ್ಲ ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಇಟಲಿಯ ಮಾತ್ತೆಯೊ ಗರೋನೆ 2008ರಲ್ಲಿ ರಾಬರ್ತೊ ಸವಿಯಾನೊ ಅವರ ಪುಸ್ತಕವನ್ನು ಆಧರಿಸಿ ನಿರ್ದೇಶಿಸಿದ ‘ಗೊಮೊರ’ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ ಪಡೆಯಿತು. ನೇಪಲ್ಸ್ ಸುತ್ತಲಿನ ಕಮೊರಾ ಎಂಬ ಅಪರಾಧ ಜಾಲವನ್ನು ತೋರಿಸುವ ಅದರಲ್ಲಿ ಡಾನ್ ಎಂಬ ಪಾತ್ರವೇ ಇಲ್ಲ. ವಿಷಕಾರಿ ತ್ಯಾಜ್ಯವನ್ನು ಹೊಲಗಳಲ್ಲಿ ಹೂಳಿಸುವ ಗುತ್ತಿಗೆದಾರ, ದುಬಾರಿ ಉಡುಪುಗಳನ್ನು ಹೊಲಿಯುವ ದರ್ಜಿ, ಜೈಲಿನಲ್ಲಿರುವವರ ಕುಟುಂಬಗಳಿಗೆ ತಿಂಗಳ ಹಣ ಹಂಚುತ್ತ ತಿರುಗುವ ಅಂಜುಬುರುಕ, ಇವರೇ ಪಾತ್ರಗಳು. ಆ ಹಣ ಹಂಚುವವನ ನಡುಗುವ ಕೈಯಲ್ಲಿ ಲೆಕ್ಕಕ್ಕೆ ಕೊನೆಗೂ ಒಂದು ದೇಹ ಸಿಕ್ಕಿತು. 1983ರ ‘ಸ್ಕಾರ್‌ಫೇಸ್’ನ ನಾಯಕನನ್ನು ಅನುಕರಿಸುತ್ತ ಬಂದೂಕು ಹಿಡಿದು ಕುಣಿಯುವ ಇಬ್ಬರು ಹುಡುಗರೂ ಅದರಲ್ಲಿದ್ದಾರೆ, ಕೊನೆಯಲ್ಲಿ ಅವರ ಹೆಣಗಳನ್ನು ಬುಲ್ಡೋಜರ್ ಎತ್ತಿಕೊಂಡು ಹೋಗುತ್ತದೆ. ಇದು ಬರೀ ಕಲ್ಪನೆಯಲ್ಲ: ಅದೇ ಚಿತ್ರದ ಬಂಗಲೆಯ ಮಾದರಿಯಲ್ಲಿ ಕಮೊರಾದ ಒಬ್ಬ ಮುಖಂಡ ತನ್ನ ಮನೆ ಕಟ್ಟಿಸಿಕೊಂಡಿದ್ದನ್ನು ಸವಿಯಾನೊ ದಾಖಲಿಸಿದ್ದಾರೆ. ವರ್ತಮಾನದ ಬಗ್ಗೆ ಹೆಸರು ಹಿಡಿದು ಬರೆದದ್ದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. 2006ರಿಂದ ಅವರ ಬದುಕು ಪೊಲೀಸ್ ರಕ್ಷಣೆಯಲ್ಲೇ ಸಾಗಿದೆ.

ಹಿಂದಿನ ಕಾಲದ ಚಿತ್ರಗಳೆಲ್ಲ ಪಲಾಯನವೆಂದು ತಳ್ಳಿಹಾಕುವುದೂ ಅನ್ಯಾಯವಾಗುತ್ತದೆ. ಮಾರ್ಟಿನ್ ಸ್ಕಾರ್ಸೆಸೆ ಅವರ ‘ದಿ ಐರಿಷ್‌ಮನ್’ (2019) ವೃದ್ಧಾಶ್ರಮದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ ಹಂತಕನಿಂದ ಆರಂಭವಾಗಿ, ಅವನ ವೈಭವದ ದಿನಗಳನ್ನು ತೋರಿಸಿದ ಮೇಲೂ ಬಹಳ ಹೊತ್ತು ನಿಲ್ಲದೆ ಮುಂದುವರಿಯುತ್ತದೆ. ಗುಂಡುಗಳು ನಿಂತ ನಂತರದ ಆ ಭಾಗದಲ್ಲಿ ಮಾತು ಬಿಟ್ಟ ಮಗಳು, ಖರೀದಿಸಬೇಕಾದ ಶವಪೆಟ್ಟಿಗೆ, ಅವನು ಕೊಂದವನ ಹೆಸರೂ ಗೊತ್ತಿಲ್ಲದ ಹೊಸ ಪೀಳಿಗೆಯ ದಾದಿ ಎದುರಾಗುತ್ತಾರೆ. ಗತಕಾಲವನ್ನು ಅದು ಆಶ್ರಯವಾಗಿ ಬಳಸುವುದಿಲ್ಲ. ಆದರೆ ಅದು ಎಂಬತ್ತರ ಸಮೀಪದ ನಿರ್ದೇಶಕರು ತಾವೇ ಬೆಳೆಸಿದ ಪ್ರಕಾರಕ್ಕೆ ಬರೆದ ಉಪಸಂಹಾರ. ಅದರ ಹಾದಿಯಲ್ಲಿ ಇನ್ನೊಬ್ಬರು ಮುಂದೆ ಹೋಗುವುದು ಕಷ್ಟ.

ದಾರಿ ಇರುವುದು ಕೆಳಗಿನ ಮೆಟ್ಟಿಲಿನಲ್ಲಿ ಎಂದು ನನ್ನ ಊಹೆ. ಆನ್‌ಲೈನ್ ವಂಚನೆಯ ಹಣ ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ನಿಜವಾದ ಮನುಷ್ಯರ ಹೆಸರಿನ ಖಾತೆಗಳನ್ನು ದಾಟಿಯೇ ಹೋಗಬೇಕು. ಕಮಿಷನ್ ಆಸೆಗೋ ಸಾಲದ ಒತ್ತಡಕ್ಕೋ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮುಗಳನ್ನು ಅಪರಿಚಿತರಿಗೆ ಒಪ್ಪಿಸುವ ಇಂತಹವರ ಖಾತೆಗಳನ್ನು ಮ್ಯೂಲ್ ಖಾತೆಗಳೆಂದು ತನಿಖಾಧಿಕಾರಿಗಳು ಕರೆಯುತ್ತಾರೆ. ಜಪಾನಿನ ಅನಾಮಧೇಯ ಗುಂಪುಗಳಿಗೆ ಸೇರುವ ಯುವಕರು ಗುರುತಿನ ಚೀಟಿಯ ಚಿತ್ರವನ್ನೂ ಮನೆಯ ವಿಳಾಸವನ್ನೂ ಮೊದಲೇ ಕಳುಹಿಸಬೇಕಾಗುತ್ತದೆ. ಹಿಂದೆ ಸರಿಯಲು ನೋಡಿದರೆ ಮನೆಯವರ ಹೆಸರು ಹೇಳಿ ಬೆದರಿಸಲಾಗುತ್ತದೆ. ಬೇಗ ದುಡ್ಡು ಮಾಡುವ ಆಸೆ, ಒಳಗೆ ಹೋದ ಮೇಲೆ ಹೊರಬರಲಾಗದ ಬಾಗಿಲು, ಕೈಬಿಡುವ ಸಂಗಡಿಗರು, ಇವೆಲ್ಲ 1931ರ ಚಿತ್ರಗಳಲ್ಲಿದ್ದಂತೆಯೇ ಇಲ್ಲಿವೆ, ಕ್ಯಾಮೆರಾ ಹಿಡಿಯಬಹುದಾದ ಮುಖವೂ ಇದೆ. ಖಾತೆ ಅವನ ಹೆಸರಿನಲ್ಲಿರುವುದರಿಂದ ಪೊಲೀಸರು ಮೊದಲು ಹುಡುಕಿಕೊಂಡು ಬರುವುದೂ ಅವನನ್ನೇ. ಅಂತಹ ಚಿತ್ರದಲ್ಲಿ ಬಾಸ್‌ನ ಎಂಟ್ರಿ ದೃಶ್ಯ ಇರಲಾರದು, ಏಕೆಂದರೆ ಅವನನ್ನು ಆ ಹುಡುಗ ಒಮ್ಮೆಯೂ ನೋಡಿರುವುದಿಲ್ಲ. ಎಂಟ್ರಿ ದೃಶ್ಯಕ್ಕೇ ಕೋಟಿಗಟ್ಟಲೆ ಸುರಿಯುವ ಸ್ಟಾರ್ ಚಿತ್ರಗಳು ಈ ಕಥೆಯನ್ನು ಮುಟ್ಟುವುದು ಅನುಮಾನ. ಹೊಸ ನಟರನ್ನು ಇಟ್ಟುಕೊಂಡು ಕಡಿಮೆ ಬಂಡವಾಳದಲ್ಲಿ ಕೆಲಸ ಮಾಡುವ ಒಟಿಟಿ ಸರಣಿಗಳಿಗೆ, ಪ್ರಾದೇಶಿಕ ಭಾಷೆಗಳ ಸಣ್ಣ ಚಿತ್ರಗಳಿಗೆ ಅದು ಮೊದಲು ದಕ್ಕುವ ಸಾಧ್ಯತೆಯೇ ಹೆಚ್ಚು.